ಒಂಟಿ ಟ್ಯೂಬಿನ ಕಣಜಗಳು

ಮಾರ್ಚ್ 3
ಇವತ್ತೂ ಗುನುಗಮ್ಮನೇ ಮೊದಲು ಬಂದಿದ್ದಳು. ಲ್ಯಾಬಿನ ಹೊಸ ಸಹಾಯಕಿ. ಸದಾ ಏನಾದರೂ ಗುನುಗುತ್ತಿರುತ್ತಾಳೆ, ಅದಕ್ಕೇ ಆ ಹೆಸರು. ಕಣಜ ಸಾಕುವ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಪಕ್ಕದ ರೂಮಿನ ಬೇರೆ ಜಾತಿಯ ಕಣಜ ಬೆರೆತಿದ್ದರೆ? ಬಾಗಿಲು ಯಾಕೆ ತೆರೆದಿದೆ ಅಂತ ಕೇಳಿದೆ. "ಗಾಳಿಗಿರ್ಬೇಕು ಮೇಡಂ." ಕಿಟಕಿಯೇ ಇಲ್ಲದ ರೂಮು...
ಪತಂಗದ ಮೊಟ್ಟೆ ಅಂಟಿಸಿ ಕಣಜ ಬೆಳೆಸುವ ಕಾರ್ಡು ಈ ಸಲ ಅಕ್ಕನ ಟೊಮೆಟೊ ಹೊಲಕ್ಕೆ, ಕಾಯಿ ಕೊರೆಯುವ ಹುಳು ತಡೆಯಲು. ನನ್ನ ಮಾತು ನಂಬಿ ಅಕ್ಕ, ಭಾವ ಔಷಧಿ ಹೊಡೆದಿಲ್ಲ. ರಿಸ್ಕ್ ಬೇಡ. ಹಳೆ ಕಾರ್ಡಿನಿಂದ ಕಣಜ ಹೊರಬರಲಿರುವ ಕಪ್ಪು ಮೊಟ್ಟೆಗಳನ್ನು ಬಿಡಿಸಿ, ಒಂದೊಂದನ್ನೂ ಬೇರೆ ಬೇರೆ ಟ್ಯೂಬಿಗೆ ಹಾಕಿದೆ.

ಮಾರ್ಚ್ 5
ಹೊರಬಂದವನ್ನೆಲ್ಲ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನಮ್ಮ ಜಾತಿಯೇ. ಗಂಡುಗಳನ್ನು ಬಿಸಾಡಿ, ಹೆಣ್ಣುಗಳನ್ನಷ್ಟೇ ಹೊಸ ಕಾರ್ಡಿನ ಮೇಲೆ ಬಿಟ್ಟೆ. ಪತಂಗದ ಮೊಟ್ಟೆಯೊಳಗೆ ಮೊಟ್ಟೆ ಇಡುವವು ಅವೇ ತಾನೆ. ಗುನುಗಮ್ಮನಿಗೆ ಮುಟ್ಟಲು ಕೊಡಲಿಲ್ಲ.

ಮಾರ್ಚ್ 10
ಕಾರ್ಡು ಕಾಡಿಗೆಯಷ್ಟು ಕಪ್ಪು. ಒಳಗೆ ಹುಳುವಿನ ಬದಲು ಕಣಜ ಬೆಳೆಯುತ್ತಿದೆ. ನಾನೇ ಹೋಗಿ ಗಿಡಗಳಿಗೆ ಕಟ್ಟಿ ಬಂದೆ. ಭಾವ ನಕ್ಕರು. "ಎಲ್ಲಮ್ಮಾ ನಿನ್ನ ಸೈನ್ಯ? ಕಣ್ಣಿಗೇ ಕಾಣಲ್ಲ."

ಮಾರ್ಚ್ 18
ಹೊಲದಲ್ಲಿ ಪತಂಗದ ಮೊಟ್ಟೆಗಳು ಇನ್ನೂ ಬೆಳ್ಳಗೆ. ಒಂದೂ ಕಪ್ಪಾಗಿಲ್ಲ. ಕೆಲವು ಒಡೆದು ಹುಳು ಬಂದಿವೆ. ಕಾರ್ಡಿನ ತುಂಬ ತೂತು — ಕಣಜ ಹೊರಬಂದಿದ್ದು ನಿಜ. ಹೋದವೆಲ್ಲಿ? ಶೆಡ್ಡಿನ ಹಿಂದೆ ಸ್ಪ್ರೇ ಪಂಪು ಒದ್ದೆಯಾಗಿತ್ತು. ಭಾವ ಕದ್ದು ಹೊಡೆದಿದ್ದಾರೆ.
ಅಕ್ಕನೆದುರೇ ಕೇಳಿದೆ. "ತೊಳೆದಿಟ್ಟೆ," ಅಂದರು, ಅಷ್ಟೆ. ಅಕ್ಕ: "ನಿನ್ನ ಮಾತು ಕೇಳಿ ಕೈ ಕಟ್ಕೊಂಡು ಕೂತಿದ್ದಾರೆ. ಅವರ ಮೇಲೇ ಗುಮಾನಿನಾ?" ಊಟಕ್ಕೆ ಏಳು ಅನ್ನಲಿಲ್ಲ.

ಮಾರ್ಚ್ 19
ಅದೇ ಕಾರ್ಡಿನಿಂದ ಕತ್ತರಿಸಿ ಲ್ಯಾಬಿನಲ್ಲಿ ಉಳಿಸಿಕೊಂಡಿದ್ದ ತುಂಡಿನ ಕಣಜಗಳನ್ನು ನೋಡಿದೆ. ಎಲ್ಲಕ್ಕೂ ಕೂದಲು ತುಂಬಿದ ಮೀಸೆ. ಎಲ್ಲ ಗಂಡು.
"ನಮ್ಮತ್ತೆ ನೋಡಿದ್ರೆ ಕುಣಿದಾಡಿರೋರು ಮೇಡಂ," ಅಂದಳು ಗುನುಗಮ್ಮ. ದುರುಗುಟ್ಟಿ ನೋಡಿದೆ. ಇವಳೇ ಏನೋ... ಆಮೇಲೆ ಹೊಳೆಯಿತು. ಟ್ಯೂಬು. ಹುಟ್ಟಿದೊಡನೆ ಜೊತೆಗೂಡಬೇಕಾದವನ್ನು ಒಂಟಿಯಾಗಿಟ್ಟೆ. ಕೂಡದ ಹೆಣ್ಣಿಗೆ ಗಂಡೇ ಹುಟ್ಟುವುದು. ಗಂಡು ಮೊಟ್ಟೆ ಇಡುವುದಿಲ್ಲ. ಪಾಠದ ಮೊದಲ ಪುಟದ ವಿಷಯ.

ಸಂಜೆ
ಹೊಸ ಕಾರ್ಡಿಗೆ ಕಾಯುವಷ್ಟರಲ್ಲಿ ಹುಳು ಕಾಯೊಳಗೆ ಸೇರಿರುತ್ತವೆ. ಭಾವನಿಗೆ ಫೋನ್ ಮಾಡಿ, ಔಷಧಿ ಹೊಡೀರಿ ಅಂದೆ. ಭಾವ ಕೇಳಿದರು: "ನಿಜಕ್ಕೂ ಹೇಳ್ತಿದೀಯೋ, ಇಲ್ಲಾ ನಾನು ಹೊಡೀತೀನಾ ಅಂತ ನೋಡ್ತಿದೀಯೋ?"

ಮಾರ್ಚ್ 20
ಅಕ್ಕನ ಮೆಸೇಜ್. ನಾನು ಬಂದು ಎದುರಿಗೆ ನಿಲ್ಲದೆ ಭಾವ ಪಂಪು ಮುಟ್ಟುವುದಿಲ್ಲವಂತೆ. ಹೊರಟಿದ್ದೇನೆ. ಅಕ್ಕನೆದುರೇ ಹೇಳಬೇಕು. ಭಾವ, ತಪ್ಪು ನನ್ನದು.