ಮೊದಲು ಕೈ, ಆಮೇಲೆ ಚೀಲ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಅಮ್ಮಾ,

ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ತುಂಡು ಮಾಡಿ 'ಊಟ ಆಯ್ತಾ' ಅನ್ನುತ್ತೀಯ. ಕಾಗದಕ್ಕೆ ಹಾಗೆ ಮಾಡಲಾರೆ!

ಮೊದಲು ಹೇಳಿಬಿಡುತ್ತೇನೆ: ನಾನು ತುಂಬಾ, ತುಂಬಾ, ತುಂಬಾ ಖುಷಿಯಾಗಿದ್ದೇನೆ. ಇವರ ಕಿವಿಯ ಹಿಂದೆ ಯಾವಾಗಲೂ ಒಂದಿಷ್ಟು ಹಿಟ್ಟು ಅಂಟಿರುತ್ತದೆ. ಅದನ್ನು ಒರೆಸಲೆಂದೇ ಏನಾದರೊಂದು ನೆಪ ಹೂಡಿ ಗಿರಣಿಗೆ ಓಡುತ್ತೇನೆ. ಅತ್ತೆ ಕಂಡೂ ಕಾಣದ ಹಾಗೆ ಇರುತ್ತಾರೆ, ಎಷ್ಟು ಸ್ವೀಟ್ ಗೊತ್ತಾ!

ಈಗ ಕಥೆ ಕೇಳು. ಕಳೆದ ವಾರ ಆರೋಗ್ಯ ಕೇಂದ್ರದ ನರ್ಸಕ್ಕ ಬಿ.ಪಿ. ಮಷೀನು ಹಿಡಿದು ಹಳ್ಳಿಗೆ ಬಂದರು. ಶಾಲೆಯಲ್ಲಿ ಕೂತರೆ ಯಾರೂ ಬರುವುದಿಲ್ಲ ಅಂತ ಕೊರಗಿದರು. ನಮ್ಮ ಗಿರಣಿಯಲ್ಲಾದರೆ ಚೀಲ ಇಟ್ಟವರು ಸರದಿ ಬರುವ ತನಕ ಕೂರಲೇಬೇಕಲ್ಲ, ಇಲ್ಲೇ ನೋಡಿ ಅಂದೆ. ಸುಮ್ಮನಿರದೆ, ಚೀಲದ ತೂಕ ಬರೆಯುವ ಕರಿಹಲಗೆಯ ಮೇಲೆ ಎಲ್ಲರ ಬಿ.ಪಿ.ಯನ್ನೂ ಬರೆದುಬಿಟ್ಟೆ. ನಮ್ಮ ಕಾನ್ವೆಂಟಿನ ರ‍್ಯಾಂಕ್ ಲಿಸ್ಟಿನ ಹಾಗೆ ನೀಟಾಗಿ, ಹೆಚ್ಚಿನದು ಮೇಲೆ, ಕಡಿಮೆಯದು ಕೆಳಗೆ.

ಅಲ್ಲೇ ಎಡವಟ್ಟಾಯಿತು. ಗಂಡಸರಿಗೆಲ್ಲ ಪೈಪೋಟಿ ಹತ್ತಿತು! ಟೈಲರ್ ಪಾಪ, ನೂರಾ ಹದಿನೆಂಟು. 'ಏನಯ್ಯಾ, ದಿನವಿಡೀ ಮಷೀನು ತುಳಿದೂ ಇಷ್ಟೇನಾ?' ಅಂತ ಉಳಿದವರು ಗೇಲಿ ಮಾಡಿದರು. ಎಲ್ಲರಿಗಿಂತ ಮೇಲಿದ್ದವರು ನಮ್ಮ ಮಾವ, ನೂರಾ ತೊಂಬತ್ತು. ಎದೆಯುಬ್ಬಿಸಿ 'ನೋಡ್ರಪ್ಪಾ, ಸೊಸೆ ಬಂದ ವರ್ಷಾನೇ ಫಸ್ಟ್ ಬಂದೆ!' ಅಂದರು.

ನರ್ಸಕ್ಕನ ಮುಖ ಬಿಳಿಚಿತು. 'ಗಿರಣಿಯಣ್ಣಾ, ಇದು ಮಾರ್ಕ್ಸ್ ಅಲ್ಲ. ಹೀಗೇ ಬಿಟ್ರೆ ಒಂದಿನ ನಿಂತಲ್ಲೇ ಬೀಳ್ತೀರಿ' ಅಂದರು. ಕೂರಿಸಿ ಮತ್ತೆ ನೋಡಿದರು. ಮರುದಿನ ಡಾಕ್ಟರೂ ನೋಡಿ ಮಾತ್ರೆ ಬರೆದುಕೊಟ್ಟರು. ನೀನೇ ಯೋಚಿಸು ಅಮ್ಮಾ, ಮಾವ ಹಗಲೆಲ್ಲ ನಿಲ್ಲುವುದು ತಿರುಗುವ ಬೆಲ್ಟಿನ ಪಕ್ಕದಲ್ಲೇ.

ನಾನು ಹಲಗೆ ಒರೆಸಿದೆ. ಮಾವ ಮಾತ್ರೆ ಮುಟ್ಟಲಿಲ್ಲ. 'ತಲೆನೋವಿಲ್ಲ, ತಲೆಸುತ್ತಿಲ್ಲ. ಇಲ್ಲದ ಕಾಯಿಲೆಗೆ ಮದ್ದಾ? ಒಂದ್ಸಲ ಶುರು ಮಾಡಿದ್ರೆ ಸಾಯೋ ತನಕ ಬಿಡೋ ಹಾಗಿಲ್ಲ' ಅಂದರು. 'ಊಟಾನೂ ಹಾಗೇ ಅಲ್ವಾ ಮಾವ?' ಅಂದೆ. ಇವರು ಕಿಸಕ್ಕನೆ ನಕ್ಕರು. ಮಾವ ನಗಲಿಲ್ಲ.

ನಾನು ಬಿಡುವವಳೇ? ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: 'ಮೊದಲು ಕೈ, ಆಮೇಲೆ ಚೀಲ.' ಕೈ ಚಾಚಿ ಬಿ.ಪಿ. ನೋಡಿಸಿಕೊಂಡವರ ಚೀಲ ಮೊದಲು ಬೀಸುವುದು ಅಂತ. ಮಾವನಿಗೆ ಇದೊಂದು ತಮಾಷೆ, ಒಪ್ಪಿದರು.

ನಿನ್ನೆ ನರ್ಸಕ್ಕ ಬಂದಾಗ ಹೆಂಗಸರೆಲ್ಲ ಸಾಲಾಗಿ ಕೂತರು. ಕೊನೆಗೆ ಅತ್ತೆ ಕೈ ಚಾಚಿದರು. ಅವರದೂ ಜಾಸ್ತಿ! ಡಾಕ್ಟರಿಗೆ ತೋರಿಸಿ ಅಂದರೆ ತಣ್ಣಗೆ 'ನಾನ್ಯಾಕೆ ತೋರಿಸ್ಲಿ? ಅವರದು ನನಗಿಂತ ಜಾಸ್ತಿ, ಅವರೇ ಮಾತ್ರೆ ನುಂಗಲ್ಲ' ಅಂದುಬಿಟ್ಟರು. ಪಕ್ಕದಲ್ಲಿದ್ದ ಹಾಲು ಮಾರುವ ಅಜ್ಜಿ 'ಹೌದು ಮತ್ತೆ, ಗಿರಣಿಯವನಿಗೆ ಬೇಡದ್ದು ನಮಗ್ಯಾಕೆ' ಅಂತ ಡಾಕ್ಟರಿಗೆ ತೋರಿಸಲು ನರ್ಸಕ್ಕ ಬರೆದುಕೊಟ್ಟ ಚೀಟಿಯನ್ನು ವಾಪಸು ಚಾಚಿದರು.

ಮಾವ ಸ್ವಿಚ್ ಆರಿಸಿದರು. ಹಾಡುಹಗಲೇ ಗಿರಣಿ ನಿಂತುಬಿಟ್ಟಿತು!

'ಏನೇ, ಹೆದರಿಸ್ತೀಯಾ ನನ್ನ?' ಅಂದರು.

'ನಾನ್ಯಾಕೆ ಹೆದರಿಸ್ಲಿ? ನೀವು ಹೇಳಿದ್ದೇ ಹೇಳ್ತಿದೀನಿ. ನನಗೂ ತಲೆನೋವಿಲ್ಲ, ತಲೆಸುತ್ತಿಲ್ಲ' ಅಂದರು ಅತ್ತೆ.

ಮಾವ ನನ್ನತ್ತ ತಿರುಗಿ 'ನೀರು, ಮಾತ್ರೆ ತಗೊಂಡು ಬಾಮ್ಮ' ಅಂದರು. ಅಷ್ಟೂ ಜನರ ಎದುರು ನುಂಗಿದರು, ಬೈಸಿಕೊಂಡ ಮಗುವಿನ ಮುಖ ಮಾಡಿಕೊಂಡು. 'ಸೋಮವಾರ ನೀನು ಡಾಕ್ಟರ ಹತ್ರ ಬರ್ತೀಯ, ಎದುರು ಮಾತಿಲ್ಲ' ಅಂತ ಅತ್ತೆಗೆ ಗದರಿದರು. ಹಾಲಿನ ಅಜ್ಜಿ ಸದ್ದಿಲ್ಲದೆ ಚೀಟಿ ಮತ್ತೆ ಇಸಿದುಕೊಂಡರು. ನನಗೆ ಕುಣಿಯಬೇಕೆನ್ನಿಸಿತು, ಇವರು ಕೈ ಹಿಡಿದುಕೊಂಡದ್ದಕ್ಕೆ ಸುಮ್ಮನಾದೆ.

ಇವತ್ತು ಬೆಳಿಗ್ಗೆ ಮಾವ ಮತ್ತೆ ರಾಗ ಎಳೆದರು, 'ನಿನ್ನೆ ನುಂಗಿದೀನಲ್ಲಮ್ಮ.' ನಾನು ಎದುರಿಗೆ ನಿಂತವಳು ಕದಲಲಿಲ್ಲ. ನುಂಗಿದರು. ನಾಳೆಯೂ ನಿಲ್ಲುತ್ತೇನೆ, ನಾಡಿದ್ದೂ ನಿಲ್ಲುತ್ತೇನೆ. ಹುಷಾರಾಗಿದ್ದೇನೆ ಅನ್ನಿಸಿದ ದಿನವೂ ಬಿಡುವಂತಿಲ್ಲ, ಹುಷಾರಾಗಿರುವುದೇ ಮಾತ್ರೆಯಿಂದ ಅಂತ ನರ್ಸಕ್ಕ ಹೇಳಿದ್ದಾರೆ. ಈ ಸಾಲನ್ನು ದಯವಿಟ್ಟು ಎರಡು ಸಲ ಓದು.

ನಿನ್ನ ಬಾಯಿಬಡುಕಿ ಮಗಳು,
ಚಿನ್ನು

ತಾ.ಕ.: ಅಪ್ಪ ಎಲ್ಲ ಹೇಳಿದ್ದಾರೆ ಅಮ್ಮಾ. ನನ್ನ ಮದುವೆಯ ಗಡಿಬಿಡಿಯಲ್ಲಿ ಬಿಟ್ಟ ಬಿ.ಪಿ. ಮಾತ್ರೆಯನ್ನು ನೀನು ಮತ್ತೆ ಮುಟ್ಟೇ ಇಲ್ಲವಂತೆ, ಕೇಳಿದರೆ 'ಆರಾಮಾಗೇ ಇದೀನಲ್ಲ' ಅನ್ನುತ್ತೀಯಂತೆ. ಕಾಗದ ಸಿಕ್ಕ ಕೂಡಲೇ ಡಾಕ್ಟರಿಗೆ ತೋರಿಸಿಕೊಂಡು ಬಾ. ಶನಿವಾರ ನಾನು ಬರುತ್ತಿದ್ದೇನೆ, ಜೊತೆಗೆ ಮಾವನೂ. 'ಬೀಗಿತ್ತಿ ಎದುರು ಕೂತು ನಾನು ನುಂಗ್ತೀನಿ, ಅವರು ಹೇಗೆ ನುಂಗಲ್ಲ ನೋಡ್ತೀನಿ' ಅಂದಿದ್ದಾರೆ. ಎರಡು ಲೋಟ ನೀರು ತಂದಿಟ್ಟಿರು.