ಶಬ್ದ ಬಂತು, ಚಿತ್ರ ಬರಲಿಲ್ಲ

ಮನೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಮಗುವನ್ನು ಎತ್ತಿಕೊಂಡು ಮಹಡಿ ಮೆಟ್ಟಿಲು ಹತ್ತಲು ನಿನ್ನನ್ನು ಬಿಡಬೇಡ ಎಂದು ಅಕ್ಕನಿಗೆ ಹೇಳಿದ್ದೆ. ಅವಳು ಹೇಳಿರುವುದಿಲ್ಲ, ಹೇಳಿದ್ದರೂ ನೀನು ಕೇಳಿರುವುದಿಲ್ಲ. ಅಕ್ಕನಿಗೆ ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯೇ? ನೀನು ಕಳಿಸಿದ ಫೋಟೋದಲ್ಲಿ ಮಗು ಥೇಟ್ ಭಾವನ ಹಾಗೆ ಹುಬ್ಬು ಗಂಟು ಹಾಕಿಕೊಂಡಿದೆ. ಪಾಪ, ಹುಟ್ಟಿ ತಿಂಗಳಾಗುವುದರೊಳಗೆ ಅಷ್ಟೊಂದು ಚಿಂತೆ. ‘ನಾವಿಲ್ಲಿ ಕ್ಷೇಮ’ ಎಂದು ಬರೆಯುವುದು ವಾಡಿಕೆ. ನಾನಂತೂ ಕ್ಷೇಮ. ಅಪ್ಪನ ವಿಷಯ ಬರೆಯಲೆಂದೇ ಕೂತಿದ್ದೇನೆ. ಗಾಬರಿಯಾಗಬೇಡ, ಕೈಕಾಲು ಗಟ್ಟಿಯಾಗಿವೆ, ಬಾಯಿ ಅದಕ್ಕಿಂತ ಗಟ್ಟಿ. ವಿಷಯ ಅವರ ಕಣ್ಣಿನದು, ಕಣ್ಣಿನಿಂದಾಗಿ ವ್ಯಾನಿನದು. ಫೋನಿನಲ್ಲಿ ಹೇಳೋಣವೆಂದರೆ ನಾನು ಫೋನ್ ಹಿಡಿದ ಕೂಡಲೇ ಅವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಈಗ ಊಟ ಮಾಡಿ ಮಲಗಿದ್ದಾರೆ, ಗೊರಕೆ ಇಲ್ಲಿಗೇ ಕೇಳುತ್ತಿದೆ. ಅದು ನಿಲ್ಲುವುದರೊಳಗೆ ಬರೆದು ಮುಗಿಸಬೇಕು.

ಮೊದಲು ನಮ್ಮ ಡಿಶ್ ಅಂಗಡಿಯ ಸುದ್ದಿ, ಏಕೆಂದರೆ ಎಲ್ಲ ಶುರುವಾದದ್ದು ಅಲ್ಲಿಂದಲೇ. ನೀನು ಹೋದ ಮಾರನೆಯ ವಾರ ಕಂಪನಿಯವರು ಹೊಸ ಅಲ್ಟ್ರಾ ಎಚ್‌ಡಿ ಸೆಟ್‌ಟಾಪ್ ಪೆಟ್ಟಿಗೆಗಳನ್ನು ಕಳಿಸಿದರು. ಡಿಶ್ ಹಳೆಯದೇ, ಅದರ ತುದಿಯಲ್ಲಿ ಸಿಗ್ನಲ್ ಹಿಡಿಯುವ ಮೂತಿ ಮತ್ತು ಒಳಗಿನ ಪೆಟ್ಟಿಗೆ ಹೊಸವು. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಹಾಕಿಸಿಕೊಂಡಾಯಿತು. ಚಿತ್ರ ನಿಜವಾಗಿಯೂ ಚೆನ್ನಾಗಿದೆ ಅಮ್ಮಾ, ಅದರಲ್ಲಿ ಎರಡು ಮಾತಿಲ್ಲ. ಜನ ಅದನ್ನು ನೋಡಿ ಆಡಿದ ಮಾತುಗಳು ಅದಕ್ಕಿಂತ ಚೆನ್ನಾಗಿವೆ. ಸಲೂನಿನವನು ವಾರ್ತೆ ಓದುವವರ ನೆತ್ತಿಯನ್ನೇ ದಿಟ್ಟಿಸಿ ನೋಡಿ, ‘ಇದು ಸ್ವಂತ ಕೂದಲಲ್ಲ ಕಣಮ್ಮ, ಅಂಟು ಕಾಣ್ತಿದೆ’ ಎಂದು ತೀರ್ಪು ಕೊಟ್ಟ. ಈಗ ಅವನ ಅಂಗಡಿಗೆ ಜನ ಕ್ಷೌರಕ್ಕಿಂತ ಹೆಚ್ಚಾಗಿ ಯಾರ ತಲೆ ಸ್ವಂತದ್ದು ಎಂದು ಪತ್ತೆ ಮಾಡಲು ಬರುತ್ತಾರಂತೆ. ಮೂಲೆ ಮನೆಯ ಅಜ್ಜಿ ಟಿವಿಯ ಮೇಲೆ ಟವೆಲ್ ಹಾಕಿಟ್ಟಿದ್ದಾರೆ. ‘ಗಂಡಸರು ಅಷ್ಟು ಹತ್ತಿರ ಬಂದು ಮಾತಾಡಿದ್ರೆ ನಾನು ಬಟ್ಟೆ ಬದಲಾಯಿಸೋದು ಹೇಗೆ’ ಎಂದರು. ಗಣಿತದ ಮೇಷ್ಟ್ರು ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ನಾಲ್ಕು ಪಟ್ಟು ಸ್ಪಷ್ಟ ಎಂದು ಕಂಪನಿಯ ಕಾಗದದಲ್ಲಿ ಬರೆದಿದೆಯಲ್ಲ, ‘ನಂಗೆ ಒಂದೂವರೆ ಪಟ್ಟು ಕಾಣ್ತಿದೆ, ಉಳಿದ ಎರಡೂವರೆ ಎಲ್ಲಿ?’ ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರು. ಕನ್ನಡಕದ ಅಂಗಡಿಗೆ ಹೋಗಿ ಕೇಳಿ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಕೆಲಸದ ಕ್ರಮ ನಿನಗೆ ಹೇಳಿಕೊಡಬೇಕಾಗಿಲ್ಲ. ನಾನು ತಾರಸಿಯ ಮೇಲೆ ಡಿಶ್ ತಿರುಗಿಸುವುದು, ಕೆಳಗೆ ಟಿವಿಯ ಮುಂದೆ ನಿಂತವರು ಕೂಗಿ ಹೇಳುವುದು: ಇಲ್ಲ, ಇಲ್ಲ, ಸ್ವಲ್ಪ, ಬಂತು. ಇಷ್ಟು ವರ್ಷ ಆ ಜಾಗದಲ್ಲಿ ನಿಂತವಳು ನೀನು. ಅಪ್ಪ ವ್ಯಾನ್ ಓಡಿಸಿ, ಏಣಿ ಇಳಿಸಿ, ಮನೆಯವರ ಜೊತೆ ಹರಟೆ ಹೊಡೆಯುತ್ತಿದ್ದರು. ನೀನು ಬಾಣಂತನಕ್ಕೆ ಹೋದ ಮೇಲೆ ಟಿವಿಯ ಮುಂದೆ ಅಪ್ಪ ನಿಂತರು. ನಿನಗಿಂತ ಬೇಗ ಬೇಗ ‘ಬಂತು’ ಎನ್ನುತ್ತಿದ್ದರು. ನನಗೂ ಖುಷಿಯೇ, ಬಿಸಿಲಿನಲ್ಲಿ ಯಾರಿಗೆ ಬೇಕು ಅಷ್ಟು ಹೊತ್ತಿನ ಕೆಲಸ. ಆದರೆ ಹೊಸ ಪೆಟ್ಟಿಗೆಗೆ ಒಂದು ಚಾಳಿ ಇದೆ. ಹಳೆಯದರಲ್ಲಿ ಶಬ್ದ ಸರಿಯಾಗಿ ಬಂದರೆ ಚಿತ್ರವೂ ಬಂದಿದೆ ಎಂದೇ ಲೆಕ್ಕ. ಹೊಸದರಲ್ಲಿ ಡಿಶ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಶಬ್ದ ಗಂಟೆ ಬಾರಿಸಿದ ಹಾಗೆ ಬರುತ್ತದೆ, ಚಿತ್ರ ಮಾತ್ರ ಚೌಕಚೌಕವಾಗಿ ಒಡೆದುಹೋಗಿರುತ್ತದೆ. ಅಪ್ಪ ಇಷ್ಟು ದಿನ ನೋಡಿ ಹೇಳುತ್ತಿದ್ದರೆಂದು ನಾನು ತಿಳಿದಿದ್ದೆ. ಅವರು ಕೇಳಿ ಹೇಳುತ್ತಿದ್ದರು.

ದೂರುಗಳು ಬರತೊಡಗಿದವು. ಬೇಕರಿಯವರ ಮನೆಗೆ ಹೋದರೆ, ವಾರದಿಂದ ಅವರ ಟಿವಿಯಲ್ಲಿ ಮನುಷ್ಯರು ಬಿಸ್ಕತ್ತಿನ ಟ್ರೇ ಹಾಗೆ ತುಂಡುತುಂಡಾಗಿ ಓಡಾಡುತ್ತಿದ್ದಾರೆ, ಇಡೀ ಸಂಸಾರ ಸೋಫಾದ ಮೇಲೆ ಸಾಲಾಗಿ ಕೂತು ಭಕ್ತಿಯಿಂದ ನೋಡುತ್ತಿದೆ. ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದರೆ ಬೇಕರಿಯವರು, ‘ನಿಮ್ಮಪ್ಪ ಕನ್ನಡಿ ಹಾಗಿದೆ ಅಂದ್ರು. ಹೊಸದು ಅಂದ್ರೆ ಹೀಗೇ ಇರಬೇಕು, ನಮ್ಗೇ ನೋಡೋಕೆ ಬರಲ್ಲ ಅಂದ್ಕೊಂಡ್ವಿ’ ಎಂದರು. ಅವರು ತಮ್ಮ ಭಾವಮೈದುನನ ಹತ್ತಿರ ಅದನ್ನು ಹೊಗಳಿಯೂ ಆಗಿತ್ತು, ಆ ಭಾವಮೈದುನನೂ ನಮಗೆ ಒಂದು ಪೆಟ್ಟಿಗೆ ಹೇಳಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಇವರು ಪ್ರತ್ಯಕ್ಷ ಕಂಡದ್ದನ್ನು ಬಿಟ್ಟು ಅಪ್ಪನನ್ನು ನಂಬಿದರು. ನಗು ಬಂತು, ಡಿಶ್ ಸರಿಮಾಡಿ ಬಂದೆ. ಗಾಳಿಗೆ ಅಲುಗಾಡಿರಬೇಕು ಎಂದುಕೊಂಡೆ. ಎರಡನೆಯ ಮನೆಯಲ್ಲೂ ಹಾಗೇ ಆದಾಗ ಬೋಲ್ಟ್ ಸರಿಯಿಲ್ಲವೆಂದು ಕಂಪನಿಯವರನ್ನು ಬೈದೆ. ಅಪ್ಪನೂ ನನಗಿಂತ ಜೋರಾಗಿ ಬೈದರು.

ಹಲ್ಲಿನ ಡಾಕ್ಟರ ಮನೆಯಲ್ಲಿ ನನ್ನ ಸ್ಪ್ಯಾನರ್ ತಾರಸಿಯಿಂದ ಜಾರಿ ಹೂಕುಂಡಗಳ ನಡುವೆ ಬಿತ್ತು. ಅದನ್ನು ತರಲು ಕೆಳಗಿಳಿದವಳು ನೀರು ಕುಡಿಯೋಣವೆಂದು ಒಳಗೆ ಹೋದೆ. ಅಪ್ಪ ನನಗೆ ಬೆನ್ನು ಮಾಡಿ ಟಿವಿಯ ಮುಂದೆ ನಿಂತಿದ್ದರು. ಪರದೆಯ ಮೇಲೆ ಒಬ್ಬ ಹೆಂಗಸಿನ ಮುಖ ಛಿದ್ರವಾಗಿತ್ತು, ಕಣ್ಣಿರಬೇಕಾದ ಕಡೆ ಬಾಯಿ, ಕಿವಿಯ ಜಾಗದಲ್ಲಿ ಹಸಿರು ಪಟ್ಟೆ. ಧ್ವನಿ ಮಾತ್ರ ಕೊಠಡಿ ತುಂಬ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಮೇಲೆಯೇ ಇದ್ದೇನೆಂದು ತಿಳಿದು ಅಪ್ಪ ಕಿಟಕಿಯ ಕಡೆ ಬಾಯಿ ತಿರುಗಿಸಿ, ‘ಬಂತು, ಬಂತು, ಸಾಕು ಬಿಡು, ಕನ್ನಡಿ ಹಾಗಿದೆ’ ಎಂದು ಕೂಗಿದರು. ಪಕ್ಕದಲ್ಲಿ ನಿಂತಿದ್ದ ಡಾಕ್ಟರ ಹೆಂಡತಿ ಟಿವಿ ನೋಡಿದರು, ಅಪ್ಪನನ್ನು ನೋಡಿದರು, ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಅವರು ಒಳ್ಳೆಯವರು, ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದರು. ನಾನು ಹಾಗೆಯೇ ಸದ್ದಿಲ್ಲದೆ ಹೊರಗೆ ಹೋಗಿ, ಮತ್ತೆ ಏಣಿ ಹತ್ತಿ, ಅಪ್ಪನ ಕೂಗಿಗೆ ಕಾಯದೆ ಸಿಗ್ನಲ್ ಮೀಟರ್ ನೋಡಿಕೊಂಡೇ ಡಿಶ್ ಕೂರಿಸಿದೆ. ಟಿವಿಯ ಸಂಗತಿ ಹಾಳಾಗಲಿ, ಈ ಕಣ್ಣಿನಲ್ಲಿ ಇವರು ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಇಷ್ಟು ದೂರ ಬಂದಿದ್ದಾರಲ್ಲ ಎಂಬುದೇ ತಲೆಯಲ್ಲಿತ್ತು.

ವಾಪಸ್ಸು ಬರುವಾಗ ನಾನು ಓಡಿಸುತ್ತೇನೆ ಎಂದೆ, ಕೊಡಲಿಲ್ಲ. ಪಕ್ಕದಲ್ಲಿ ಕೂತು ರಸ್ತೆ ನೋಡುವ ಬದಲು ಅವರನ್ನೇ ನೋಡಿದೆ. ಗೊತ್ತಿರುವ ರಸ್ತೆಗಳಲ್ಲಿ ನೀರು ಕುಡಿದಷ್ಟು ಸಲೀಸಾಗಿ ಓಡಿಸುತ್ತಾರೆ, ಗುಂಡಿ ಎಲ್ಲೆಲ್ಲಿದೆಯೆಂದು ಟೈರಿಗೇ ಗೊತ್ತಿರುವ ಹಾಗೆ. ಸಿಗ್ನಲ್ ಬಂದಾಗ ಮಾತ್ರ ದೀಪ ನೋಡುವುದಿಲ್ಲ, ಮುಂದಿನ ಗಾಡಿ ನೋಡುತ್ತಾರೆ. ಅದು ನಿಂತರೆ ಇವರೂ ನಿಲ್ಲುತ್ತಾರೆ. ಶಾಲೆಯ ಹತ್ತಿರದ ಸಿಗ್ನಲ್ಲಿನಲ್ಲಿ ಮುಂದೆ ಗಾಡಿ ಇರಲಿಲ್ಲ. ಕೆಂಪು ದೀಪ, ಒಬ್ಬ ತಾಯಿ ಇಬ್ಬರು ಮಕ್ಕಳ ಕೈ ಹಿಡಿದು ಅರ್ಧ ರಸ್ತೆ ದಾಟಿದ್ದಳು. ನಾನು ಕಿರುಚಿದೆ. ಬ್ರೇಕ್ ಹಾಕಿದರು, ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆ ತಾಯಿ ನಮ್ಮನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಅಪ್ಪ ಸ್ಟೀರಿಂಗ್ ಹಿಡಿದುಕೊಂಡೇ, ‘ಬಿಸಿಲು ಕಣ್ಣಿಗೆ ಹೊಡೀತು’ ಎಂದರು. ಬಿಸಿಲು ನಮ್ಮ ಬೆನ್ನ ಹಿಂದೆ ಇತ್ತು. ನಾನು ಕೈ ಚಾಚಿ ಎಂಜಿನ್ ಆರಿಸಿ ಕೀಲಿ ಕಿತ್ತುಕೊಂಡೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದಾಗ ರಸ್ತೆಯ ಮಧ್ಯೆಯೇ ನಾವಿಬ್ಬರೂ ಸೀಟು ಬದಲಾಯಿಸಿದೆವು.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಪಟ್ಟ ಪಾಡು ಹೇಳತೀರದು. ಮೊದಲು ಸಿಟ್ಟು, ಆಮೇಲೆ ತಲೆನೋವು, ಆಮೇಲೆ ಅಂಗಡಿಯಲ್ಲಿ ಕೆಲಸ. ಕೊನೆಗೆ ನಾನು ಕೀಲಿ ಕೊಡುವುದಿಲ್ಲ ಎಂದು ಪಟ್ಟು ಹಿಡಿದಾಗ ಬಂದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಚೆನ್ನಾಗಿ ಬಲಿತಿದೆ. ಡಾಕ್ಟರು ಚಾರ್ಟಿನ ಎದುರು ಕೂರಿಸಿ ಓದಿ ಎಂದರೆ ಅಪ್ಪ ಪಟಪಟನೆ ಓದಿಬಿಟ್ಟರು. ಹೊರಗೆ ಕಾಯುತ್ತಿದ್ದಾಗ ಮುಂಚಿನವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಡಾಕ್ಟರು ಜಾಣರು, ಚಾರ್ಟ್ ಬದಲಾಯಿಸಿದರು, ಅಪ್ಪ ಅದನ್ನೇ ಮತ್ತೆ ಓದಿದರು. ಆಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ಆಪರೇಷನ್ ದೊಡ್ಡದಲ್ಲ, ಅದೇ ದಿನ ಮನೆಗೆ ಬರಬಹುದು, ಮಾಡಿಸಿಕೊಂಡರೆ ಮತ್ತೆ ವ್ಯಾನ್ ಓಡಿಸಬಹುದು, ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಬರುವ ಗುರುವಾರ ಬೆಳಿಗ್ಗೆಗೆ ಸಮಯ ಕೊಟ್ಟಿದ್ದಾರೆ. ಅಪ್ಪ ‘ಮನೆಯವಳನ್ನ ಕೇಳಿ ಹೇಳ್ತೀನಿ’ ಎಂದು ಎದ್ದು ಬಂದರು. ಈಗ ವ್ಯಾನ್ ನಾನೇ ಓಡಿಸುತ್ತಿದ್ದೇನೆ. ಅವರು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಾ, ನನ್ನ ಗೇರು ಬದಲಾಯಿಸುವ ರೀತಿಗೆ ಪ್ರತಿ ತಿರುವಿನಲ್ಲೂ ನಿಟ್ಟುಸಿರು ಬಿಡುತ್ತಾರೆ. ನೀನು ಇಲ್ಲಿದ್ದಿದ್ದರೆ ಇದನ್ನೆಲ್ಲ ನನಗಿಂತ ಮೊದಲೇ ಗಮನಿಸುತ್ತಿದ್ದೆ ಎಂದು ದಿನವೂ ಅನ್ನಿಸುತ್ತದೆ.

ಇದಕ್ಕಾಗಿ ನೀನು ಗಂಟುಮೂಟೆ ಕಟ್ಟಿಕೊಂಡು ಓಡಿಬರಬೇಡ. ಅಕ್ಕನಿಗೆ ಇನ್ನೂ ಆರೈಕೆ ಬೇಕು, ಇಲ್ಲಿ ನಾನಿದ್ದೇನೆ. ಕಣ್ಣಿಗೆ ಹೊತ್ತುಹೊತ್ತಿಗೆ ಹನಿ ಹಾಕುವುದು ಡಿಶ್ ತಿರುಗಿಸುವುದಕ್ಕಿಂತ ಕಷ್ಟದ ಕೆಲಸವೇನಲ್ಲ, ರೋಗಿ ಅಲುಗಾಡದೆ ಕೂತರೆ. ಅಕ್ಕನಿಗೆ ನನ್ನ ನೆನಪು ಹೇಳು, ಭಾವನಿಗೆ ನಮಸ್ಕಾರ ತಿಳಿಸು, ಮಗುವಿನ ಅಂಗಾಲಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ತಾರಸಿ ಕೋತಿ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಗೊತ್ತಾದದ್ದು. ನಾಳೆ ಬೆಳಿಗ್ಗೆಯೇ ಕೊರಿಯರಿಗೆ ಹಾಕಲು ಲಕೋಟೆ ಹುಡುಕುತ್ತಿದ್ದಾಗ ಅಪ್ಪ ಎದ್ದು ಬಂದು ಯಾರಿಗೆ ಕಾಗದ ಎಂದರು. ಅಮ್ಮನಿಗೆ, ನಿಮ್ಮ ಕಣ್ಣಿನ ವಿಷಯ ಎಂದೆ. ‘ಅವಳಿಗೆ ಯಾಕೆ ಬರೀತೀಯ, ಅವಳಿಗೆ ಗೊತ್ತಿರೋದೇ’ ಎಂದು ಮುಖ ತೊಳೆಯಲು ಹೋದರು. ಅಂದರೆ ನೀನು ಮುಂದಿನ ಸೀಟಿನಲ್ಲಿ ಕೂತು ‘ಕೆಂಪು ಬಿತ್ತು ನೋಡಿ, ಸೈಕಲ್ ಬಂತು ನೋಡಿ, ನಿಧಾನ’ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆಯಲ್ಲ, ಹಿಂದೆ ಡಿಶ್‌ಗಳ ಮಧ್ಯೆ ಕೂತು ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆನಲ್ಲ, ಅದು ಗೊಣಗಾಟವಲ್ಲ. ಇಬ್ಬರೂ ಸೇರಿ ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕುಗಳು ನೀವು. ನನಗೆ ಸಿಟ್ಟು ಬಂದಿದೆ ಅಮ್ಮಾ, ಅವರಿಗಿಂತ ನಿನ್ನ ಮೇಲೆ ಹೆಚ್ಚು. ಆ ಜಗಳ ನೀನು ಬಂದ ಮೇಲೆ ಆಡೋಣ. ನೋಡುತ್ತಿರು, ಆಪರೇಷನ್ನಿನ ಹಿಂದಿನ ದಿನ, ಬುಧವಾರ, ಅಪ್ಪ ಫೋನ್ ಮಾಡಿ, ಇನ್ನೊಂದು ವರ್ಷ ಬಿಟ್ಟು ಮಾಡಿಸಿದರಾಯಿತಲ್ಲವೇ ಎಂದು ಕೇಳುತ್ತಾರೆ. ನೀನು ಹೂಂ ಎಂದರೆ ಗುರುವಾರ ಆಸ್ಪತ್ರೆಗೆ ಹೋಗುವುದಿಲ್ಲ, ಶುಕ್ರವಾರ ಕೀಲಿ ಹುಡುಕಲು ಶುರು ಮಾಡುತ್ತಾರೆ. ಇಷ್ಟು ದಿನ ಅವರ ಮರ್ಯಾದೆ ಕಾಪಾಡಿದೆ, ಈ ಒಂದು ಸಲ ರಸ್ತೆ ದಾಟುವವರ ಪರ ನಿಲ್ಲು. ‘ಮಾಡಿಸ್ಕೊಳ್ಳಿ’ ಎನ್ನು, ಅಷ್ಟೇ ಸಾಕು. ಕೀಲಿಯನ್ನು ನಿನ್ನ ಹೊಲಿಗೆ ಮಷಿನ್ನಿನ ಡ್ರಾಯರಿನಲ್ಲಿ ನೂಲಿನುಂಡೆಗಳ ಕೆಳಗೆ ಇಟ್ಟಿದ್ದೇನೆ. ಅದನ್ನು ಅವರಿಗೆ ಹೇಳಬೇಡ.