ಅಕ್ಕನ ಕಾಲಿಗೆ ಜಾಗ

೩-೩-೭೪, ಯಲ್ಲದಕೆರೆ

ಮದ್ರಾಸಿನ ರೇಸಿನಲ್ಲಿ ಓಡಿದ ಕಾರುಗಳಲ್ಲಿ ಅರ್ಧಕ್ಕೆ ಎಂಜಿನ್ ಕೂರಿಸಿದವನು ನಾನೇ. ಅಲ್ಲಿನ ಬಿಳಿ ದೊರೆ ನನ್ನನ್ನು ಕಂಡರೆ ಟೋಪಿ ತೆಗೆಯುತ್ತಿದ್ದ. ಇವತ್ತೂ ವೆಲ್ಡಿಂಗ್ ಬೋರಪ್ಪನಿಗೆ ಇದನ್ನೇ ಹೇಳಿದೆ. ಕನ್ನಡಕ ಹಣೆಗೇರಿಸಿ, "ಮದ್ರಾಸಿಗೆ ಯಾವಾಗ ಹೋಗಿದ್ದೆ ಯತ್ತಪ್ಪಣ್ಣ? ನೀನು ಹಿರಿಯೂರು ದಾಟಿದ್ದೇ ದುರ್ಗದ ಆಸ್ಪತ್ರೆಗೆ" ಅಂದ. ಬಣ್ಣದ ಡಬ್ಬಿ ಕೈಗೆತ್ತಿಕೊಂಡೆ. ಕೆಲಸ ಇತ್ತು.

ಹಳೇ ಮಾರಿಸ್ ಕಾರಿನ ಚಾಸಿಗೆ ಎರಡನೇ ಕೋಟು ಬಣ್ಣ ಆಯಿತು. ಸೀಟು ಎರಡೇ. ಬಲಗಡೆ ನನ್ನದು, ಎಡಗಡೆ ನಾಗಕ್ಕನದು. ಬಾವಿ ಮೆಟ್ಟಿಲಲ್ಲಿ ಜಾರಿದಾಗಿನಿಂದ ಅಕ್ಕನ ಬಲಗಾಲು ಮಡಚಲು ಬರುವುದಿಲ್ಲ. ಬಸ್ಸು ಹತ್ತಲಾರಳು. ಅವಳ ಮಗಳು ಕಾಟಮ್ಮನಿಗೆ ಎರಡನೇ ಹೆರಿಗೆ ಹೊಸದುರ್ಗದಲ್ಲಿ, ಗಂಡನ ಮನೆಯಲ್ಲೇ ಆಯಿತು. ಈ ತಿಂಗಳು ಇಪ್ಪತ್ತೇಳಕ್ಕೆ ತೊಟ್ಟಿಲ ಶಾಸ್ತ್ರ. ಕಾಲು ನೀಡಿಕೊಂಡು ಕೂರುವ ಕಾರು ನಾನೇ ಕಟ್ಟಿ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಅಕ್ಕ ಕುರಿ ಮಾರಿ ಸಾವಿರದ ಎಂಟುನೂರು ಕೈಗಿಟ್ಟಳು. ಎಣಿಸಿಕೋ ಅಂತಲೂ ಅನ್ನಲಿಲ್ಲ.

೭-೩-೭೪, ರಾತ್ರಿ

ಚಿತ್ರದುರ್ಗಕ್ಕೆ ಹೋಗಿ ಬಂದೆ. ಗುಜರಿಯಲ್ಲಿ ಎರಡು ಎಂಜಿನ್ ಇದ್ದವು. ಒಂದು ಫಿಯಟ್ಟಿನದು, ಚಿಕ್ಕದು, ನಾಲ್ಕು ಸಿಲಿಂಡರ್. ಇನ್ನೊಂದು ಯಾವನೋ ಸಾಹುಕಾರನ ಅಮೆರಿಕನ್ ಕಾರಿನದು... ಆರು ಸಿಲಿಂಡರ್, ಮಲಗಿದ ಎಮ್ಮೆಯ ಹಾಗಿತ್ತು. ಗುಜರಿಯವನು, "ಅದು ದೊಡ್ಡೋರ ಮಾಲು. ನಿಮ್ಮಂಥೋರಿಗೆ ಫಿಯಟ್ ಸಾಕು ತಗಳ್ರಿ" ಅಂದ. ಆ ಮಾತು ಕೇಳಿದ ಮೇಲೆ ಫಿಯಟ್ ತರುವುದು ಹೇಗೆ?

ಆರು ಸಿಲಿಂಡರಿನದನ್ನೇ ತಂದೆ. ಲಾರಿಯಿಂದ ಇಳಿಸುವಾಗ ಅರ್ಧ ಊರು ನೋಡಿತು. ಅಕ್ಕ ರೇಟು ಕೇಳಿದಳು. ಆರುನೂರು ಅಂದೆ.

ಅಳತೆ ಹಿಡಿಯಲಿಲ್ಲ. ಟೇಪು ಜೇಬಿನಲ್ಲೇ ಇತ್ತು.

೧೦-೩-೭೪

ಹುಣಸೆ ಕೊಂಬೆಗೆ ಸರಪಳಿ ಹಾಕಿ ಎಂಜಿನ್ ಎತ್ತಿದೆವು. ಮೆಲ್ಲಗೆ ಚಾಸಿಯೊಳಗೆ ಇಳಿಸಿದರೆ ಅದರ ಅಡಿಯ ಎಣ್ಣೆ ತೊಟ್ಟಿ ಮುಂದಿನ ಆಕ್ಸೆಲ್ ಮೇಲೆ ಕೂತುಬಿಟ್ಟಿತು. ಮೇಲಕ್ಕೆತ್ತಿದರೆ ಬಾನೆಟ್ ಮುಚ್ಚದು. ಮುಂದಕ್ಕೆ ಎಳೆದರೆ ರೇಡಿಯೇಟರಿಗೆ ಜಾಗವಿಲ್ಲ. ಉಳಿದದ್ದು ಹಿಂದಕ್ಕೆ ತಳ್ಳುವುದು. ತಳ್ಳಿದರೆ ಬಲಗಡೆ ಸ್ಟೇರಿಂಗ್ ರಾಡಿಗೆ ತಾಗಿತು. ಕೊನೆಗೆ ಹಿಂದಕ್ಕೆ ಒಂದು ಗೇಣು, ಎಡಕ್ಕೆ ನಾಲ್ಕು ಬೆರಳು ಸರಿಸಿ, ಸೀಟಿನ ಮುಂದಿನ ತಗಡು ಕತ್ತರಿಸಿದೆವು. ಆಗ ಕೂತಿತು.

ಬೋರಪ್ಪ ಎಡಗಡೆ ಬಗ್ಗಿ ನೋಡಿದ. "ಅಕ್ಕೋರ ಕಾಲು ಎಲ್ಲಿಗೆ?"

"ಸೀಟು ಹಿಂದಕ್ಕೆ ಸರಿಸಾಣ ಬಿಡು."

"ಹಿಂದೆ ಪೆಟ್ರೋಲ್ ಟ್ಯಾಂಕ್ ಐತಲ್ಲ. ಇನ್ನೂ ವೆಲ್ಡ್ ಮಾಡಿಲ್ಲ ಕಣಣ್ಣ. ವಾಪಸ್ ಕೊಟ್ಟು ಫಿಯಟ್ ತರಾಣ."

ಬೇಲಿಯಾಚೆ ಜನ ನಿಂತಿದ್ದರು. "ವೆಲ್ಡ್ ಮಾಡು" ಅಂದೆ.

ಎಂಜಿನ್ ಹಿಡಿಯುವ ಬ್ರಾಕೆಟ್ ಕೂತವು. ಕೆಳಗೆ ರಬ್ಬರ್ ಇಟ್ಟು ಬೋಲ್ಟ್ ಬಿಗಿದೆ. ಕೆಲಸವೇನೋ ಚೆನ್ನಾಗಿ ಬಂದಿದೆ. ಇನ್ನು ಅಲ್ಲಾಡದು. ಅದೇ ಕಷ್ಟ.

೧೭-೩-೭೪

ಸ್ಟಾರ್ಟ್ ಆಯಿತು. ಸದ್ದು ಕೆರೆ ಏರಿಯವರೆಗೂ ಕೇಳಿಸಿತಂತೆ. ಜನ ಬೆನ್ನು ತಟ್ಟಿದರು. ಅಕ್ಕ ಜಗಲಿ ಮೇಲಿಂದ, "ನನ್ನ ಸೀಟಿಗೆ ದಿಂಬು ಹೊಲ್ಕಂಡೀನಿ ಕಣಾ" ಅಂದಳು.



೨೦-೩-೭೪

ಅಕ್ಕ ಇವತ್ತು ಕೂತು ನೋಡುತ್ತೇನೆ ಅಂದಳು. ತಪ್ಪಿಸಲು ಎರಡು ಸಲ ನೋಡಿದೆ. ಆಗಲಿಲ್ಲ. ಎತ್ತಿ ಕೂರಿಸಿದೆ. ಕಾಲು ನೀಡಿದಳು — ಎಂಜಿನ್ ಮುಚ್ಚಿದ ತಗಡಿಗೆ ಬಡಿಯಿತು.

"ಲೇ ಯತ್ತ, ಈ ಕಾಲು ಎಲ್ಲಿಡ್ಲೋ?"

"ವಸಿ ವಾರೆ ಇಟ್ಕ ಅಕ್ಕ."

"ವಾರೆ ಇಟ್ಕಂಡ್ರೆ ಬಾಗ್ಲು ಹಾಕಾಕಾಗಲ್ಲ. ಹೊರಗೆ ಚಾಚ್ಕಂಡು ಹೋಗ್ಲೇನು, ಬೀಗರಿಗೆ ಮೊದ್ಲು ನನ್ನ ಪಾದ ಕಾಣ್ಲಿ ಅಂತ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ದಿಂಬನ್ನು ತೊಡೆ ಮೇಲೆ ಇಟ್ಟುಕೊಂಡಳು.

"ಗುಜರಿಯೋನು ಮೋಸ ಮಾಡ್ದ ಅಕ್ಕ. ಒಂದು ತೋರ್ಸಿ ಇನ್ನೊಂದು ಕೊಟ್ಟ."

"ಅಳತೆ ಹಿಡೀಲಿಲ್ವೇನಪ್ಪ?"

"ಹಿಡಿದಿದ್ದೆ."

ಬೋರಪ್ಪ ನೆಲ ನೋಡುತ್ತಿದ್ದ. ಅಕ್ಕ ಇಳಿಸು ಅಂದಳು. ಇಳಿಸಿದೆ. "ನೀನೇ ಹೋಗಿ ಬಾ. ಕೂಸಿಗೆ ಬೆಳ್ಳಿ ಕಡಗ ಮಾಡ್ಸೀನಿ, ಕೊಟ್ಟು ಬಾ."

೨೮-೩-೭೪

ನಿನ್ನೆ ಹೊಸದುರ್ಗ. ಬಸ್ಸಿನಲ್ಲಿ ಹೋದೆ. ಕಾಟಮ್ಮ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನ ಹಿಂದೆ ನೋಡಿದಳು.

"ಅವ್ವ ಎಲ್ಲಿ ಮಾವ? ಕಾರಲ್ಲಿ ಕರ್ಕಂಬತ್ತೀನಿ ಅಂದಿದ್ಯಲ್ಲ?"

"ಕಾರು ಪಾಲೀಶಿಗೆ ಹೋಗೈತೆ."

ನಗಲಿಲ್ಲ. ಕಡಗ ತೆಗೆದುಕೊಂಡು ಒಳಗೆ ಹೋದಳು. ಮಗುವಿಗೆ ನಾಗಮ್ಮ ಅಂತ ಅಕ್ಕನ ಹೆಸರೇ ಇಟ್ಟರು.

ಊಟದ ಹೊತ್ತಿಗೆ ಬೀಗರ ಕಡೆಯ ಏಕಾಂತಮ್ಮ ಬಂದರು. ಸೊಂಟ ಮುರಿದ ಮುದುಕಿ. ಹಿರಿಯೂರಿನಿಂದ ಬಾಡಿಗೆ ಅಂಬಾಸಿಡರ್. ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕಾಲು ಚಾಚಿ, ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಬಂದಿದ್ದರು. ಡ್ರೈವರನನ್ನು ಪಕ್ಕಕ್ಕೆ ಕರೆದು ಕೇಳಿದೆ. ಹೋಗಿ ಬರಲು ಅರವತ್ತು ರೂಪಾಯಿ.

ಹೋಳಿಗೆ ಬಡಿಸಿದರು. ಎಲೆಯಲ್ಲೇ ಬಿಟ್ಟೆ.

೬-೪-೭೪

ಎಂಜಿನ್ ಇಳಿಸಿ ಗುಜರಿಗೇ ಹಾಕಿದೆ. ಬಂದ ಮುನ್ನೂರು ಲಾರಿಗೂ ಬೋರಪ್ಪನ ಬಾಕಿಗೂ ಸರಿಹೋಯಿತು. ಬೋರಪ್ಪ ಮದ್ರಾಸಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ವಾಸಿ ಇತ್ತು.

೯-೪-೭೪

ಏಕಾಂತಮ್ಮ ಬಂದ ಸುದ್ದಿ ಅಕ್ಕನಿಗೆ ಹೇಗೋ ತಲುಪಿದೆ. ಬೆಳಿಗ್ಗೆ ರೊಟ್ಟಿ ಹಾಕುತ್ತಾ ಅಂದಳು: "ಎಂಜಿನ್ನಿಗೆ ಆರ್ನೂರು ತಾನೆ ಹೋಗಿದ್ದು? ಉಳಿದಿದ್ರಾಗೆ ಅರವತ್ತು ಕೊಡು. ಬಾಡಿಗೆ ಕಾರು ಹೇಳು. ಕೂಸಿನ ಮಕ ನೋಡಿ ಬರ್ತೀನಿ."

ಆಯ್ತು ಅಂದೆ. ಏನು ಆಯ್ತು? ಪೆಟ್ಟಿಗೆಯಲ್ಲಿ ನಲವತ್ತಿದೆ.

ಮಧ್ಯಾಹ್ನ. ಅಕ್ಕ ಜಗಲಿ ಮೇಲೆ ಕೂತು ಸೀರೆ ಮಡಿಸುತ್ತಿದ್ದಾಳೆ. ಯಾವ ಸೀರೆ ಉಡಲಿ ಅಂತ ಅಲ್ಲಿಂದಲೇ ಕೂಗಿ ಕೇಳಿದಳು. ಇವತ್ತು ಹೇಳಲೇಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಬಾಯಿಗೆ ಬರುತ್ತದೋ ಏನೋ.

ಅಕ್ಕ, ಆರುನೂರು ಅಲ್ಲ. ಹೋದದ್ದು ಸಾವಿರದ ಏಳುನೂರ ಅರವತ್ತು. ಗುಜರಿಯವನು ಮೋಸ ಮಾಡಲಿಲ್ಲ. ನಾನೇ ಅಳತೆ ಹಿಡಿಯದೆ...